ವಿಮಾನಯಾನ ಸಚಿವರಿಗೆ ಒಂದು ಬಹಿರಂಗ ಪತ್ರ: ಗಡಿ ದಾಟುವ ವಿಮಾನದ ಹೊಣೆ ಯಾರದು?

ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 193 ಸದಸ್ಯ ರಾಷ್ಟ್ರಗಳ ವಿಮಾನಯಾನ ಸಚಿವರಿಗೆ ಮತ್ತು ಆ ದೇಶಗಳಲ್ಲಿ ವಾಯು ಸಂಚಾರ ನಿಯಂತ್ರಣ ನಡೆಸುತ್ತಿರುವ ಸಂಸ್ಥೆಗಳ ಮುಖ್ಯಸ್ಥರಿಗೆ,

ಮಾನ್ಯರೇ,

2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗನ್ ಪಟ್ಟಣದ ಮೇಲೆ ಒಂದು ಪ್ರಯಾಣಿಕ ವಿಮಾನವೂ ಒಂದು ಸರಕು ವಿಮಾನವೂ ಡಿಕ್ಕಿ ಹೊಡೆದು 71 ಮಂದಿ ಸತ್ತರು. ಬಹುಪಾಲು ರಜೆಗೆ ಹೊರಟಿದ್ದ ಮಕ್ಕಳು. ಕೆಳಗಿನ ನೆಲ ಜರ್ಮನಿಯದು, ಆದರೆ ಆ ಭಾಗದ ಆಕಾಶದ ನಿಯಂತ್ರಣ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಕೇಂದ್ರದ ಕೈಯಲ್ಲಿತ್ತು. ಪಕ್ಕದಲ್ಲಿದ್ದ ಜರ್ಮನಿಯದೇ ಕಾರ್ಲ್ಸ್‌ರೂಹೆ ನಿಯಂತ್ರಣ ಕೇಂದ್ರದ ಪರದೆಯ ಮೇಲೆ ಡಿಕ್ಕಿಯ ಎಚ್ಚರಿಕೆ ಮೂಡಿತು. ಅಲ್ಲಿನ ಕಂಟ್ರೋಲರ್ (ವಿಮಾನಗಳಿಗೆ ದಾರಿ, ಎತ್ತರ ಹೇಳುವ ನಿಯಂತ್ರಕ) ಜ್ಯೂರಿಕ್‌ಗೆ ಮತ್ತೆ ಮತ್ತೆ ಫೋನ್ ಮಾಡಿದರು. ಲೈನ್ ಸಿಗಲಿಲ್ಲ. ಜ್ಯೂರಿಕ್‌ನ ಮುಖ್ಯ ಫೋನ್ ವ್ಯವಸ್ಥೆಯನ್ನು ಆ ರಾತ್ರಿ ದುರಸ್ತಿಗೆಂದು ನಿಲ್ಲಿಸಿದ್ದರು. ಬದಲಿ ವ್ಯವಸ್ಥೆ ಕೆಟ್ಟಿತ್ತು. ಅಪಾಯ ಒಂದು ಕೇಂದ್ರಕ್ಕೆ ಕಾಣುತ್ತಿತ್ತು, ಅದನ್ನು ತಪ್ಪಿಸುವ ಅಧಿಕಾರ ಇನ್ನೊಂದು ಕೇಂದ್ರಕ್ಕಿತ್ತು, ಇಬ್ಬರ ನಡುವೆ ಸತ್ತುಹೋದ ಒಂದು ತಂತಿ.

ನಾನು ಪೈಲಟ್ ಅಲ್ಲ, ಕಂಟ್ರೋಲರ್ ಅಲ್ಲ. ನಿಮ್ಮೆಲ್ಲರ ವ್ಯವಸ್ಥೆಯನ್ನು ನಂಬಿ ವಿಮಾನ ಹತ್ತುವ, ಅಪಘಾತಗಳ ತನಿಖೆಯಲ್ಲಿ ಹೊರಬಂದದ್ದನ್ನು ಹುಡುಕಿ ಓದುವ ಪ್ರಯಾಣಿಕ. ಓದಿದಷ್ಟೂ ನನಗೆ ಗಟ್ಟಿಯಾದದ್ದು ಒಂದೇ ಮಾತು. ವಿಮಾನಗಳು ಹೆಚ್ಚಿದಂತೆ ಅಪಾಯ ಬಂದು ಕೂಡಿಕೊಳ್ಳುವುದು ಒಬ್ಬರ ಹೊಣೆ ಮುಗಿದು ಇನ್ನೊಬ್ಬರ ಹೊಣೆ ಶುರುವಾಗುವ ಜಾಗದಲ್ಲಿ: ಎರಡು ದೇಶಗಳ ನಡುವೆ, ಎರಡು ಸೆಕ್ಟರ್‌ಗಳ (ಒಬ್ಬೊಬ್ಬ ಕಂಟ್ರೋಲರ್ ನೋಡಿಕೊಳ್ಳುವ ಆಕಾಶದ ತುಂಡುಗಳ) ನಡುವೆ, ಸೇನೆ ಮತ್ತು ನಾಗರಿಕ ಸಂಚಾರದ ನಡುವೆ, ಮನುಷ್ಯ ಮತ್ತು ಯಂತ್ರದ ನಡುವೆ. ಬಟ್ಟೆ ಮೊದಲು ಬಿಚ್ಚುವುದು ಹೊಲಿಗೆಯಲ್ಲಿ. ನಿಮ್ಮ ಯೋಜನೆ, ಬಜೆಟ್, ಉದ್ಘಾಟನೆಗಳೆಲ್ಲ ಗಡಿಯ ಒಳಗಿನ ಕೆಲಸಕ್ಕೆ ಮೀಸಲಾಗಿರುವುದರಿಂದ ಆ ಹೊಲಿಗೆಯನ್ನು ನೋಡುವ ಕಣ್ಣು ಕಡಿಮೆ.

ಊಬರ್‌ಲಿಂಗನ್ ಒಂದೇ ಆಗಿದ್ದರೆ ಅದನ್ನು ದುರದೃಷ್ಟ ಎನ್ನಬಹುದಿತ್ತು. 1976ರ ಸೆಪ್ಟೆಂಬರ್ 10ರಂದು ಆಗಿನ ಯುಗೊಸ್ಲಾವಿಯದ ಝಾಗ್ರೆಬ್ ಬಳಿ ಎರಡು ವಿಮಾನಗಳು ಡಿಕ್ಕಿ ಹೊಡೆದು 176 ಮಂದಿ ಸತ್ತರು. ಮೇಲೇರುತ್ತಿದ್ದ ವಿಮಾನವನ್ನು ಕೆಳಗಿನ ಸೆಕ್ಟರ್‌ನಿಂದ ಮೇಲಿನ ಸೆಕ್ಟರ್‌ಗೆ ಒಪ್ಪಿಸಿದ ರೀತಿಯಲ್ಲೇ ಲೋಪವಿತ್ತು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿ ಹೊಡೆದು 349 ಮಂದಿ ಸತ್ತರು. ಆಕಾಶದಲ್ಲಿ ನಡೆದ ಡಿಕ್ಕಿಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. 15,000 ಅಡಿಯಲ್ಲಿ ನಿಲ್ಲಬೇಕಿದ್ದ ವಿಮಾನ ಇನ್ನೂ ಕೆಳಗಿಳಿದದ್ದು ನಿಜ. ಆದರೆ ಸುತ್ತಲಿನ ಆಕಾಶದ ಬಹುಭಾಗ ವಾಯುಪಡೆಗೆ ಮೀಸಲಾಗಿತ್ತು, ಬರುವ ವಿಮಾನಕ್ಕೂ ಹೋಗುವ ವಿಮಾನಕ್ಕೂ ಒಂದೇ ಕಾರಿಡಾರ್ ಉಳಿದಿತ್ತು, ವಿಮಾನದ ಎತ್ತರ ತೋರಿಸುವ ರೇಡಾರ್ ಕಂಟ್ರೋಲರ್ ಬಳಿ ಇರಲಿಲ್ಲ. ಪೈಲಟ್ ತಪ್ಪನ್ನು ತಾಳಿಕೊಳ್ಳಲು ವ್ಯವಸ್ಥೆ ಎಲ್ಲಿಯೂ ಜಾಗ ಬಿಟ್ಟಿರಲಿಲ್ಲ.

ಈಗ ಬೆಳವಣಿಗೆಯ ಮಾತಿಗೆ ಬರುತ್ತೇನೆ. 2019ರಲ್ಲಿ ಜಗತ್ತಿನ ವಿಮಾನಗಳು ಸುಮಾರು 450 ಕೋಟಿ ಪ್ರಯಾಣಿಕರನ್ನು ಸಾಗಿಸಿದವು. ಕೊರೊನಾ ಕಾಲದಲ್ಲಿ ನೆಲ ಕಚ್ಚಿದ ಸಂಚಾರ ಕೆಲವೇ ವರ್ಷಗಳಲ್ಲಿ ಮತ್ತೆ ಆ ಎತ್ತರ ಮುಟ್ಟಿತು. ಇನ್ನು ಮುಂದೆ ಡ್ರೋನ್‌ಗಳು, ರಾಕೆಟ್ ಉಡಾವಣೆಗಳು ಕೂಡ ಇದೇ ಆಕಾಶದಲ್ಲಿ ಪಾಲು ಕೇಳುತ್ತವೆ. ನೀವು ಹೊಸ ಟರ್ಮಿನಲ್ ಕಟ್ಟುತ್ತೀರಿ, ರನ್‌ವೇ ಹಾಸುತ್ತೀರಿ, ವಿಮಾನ ಸಂಸ್ಥೆಗಳು ನೂರುಗಟ್ಟಲೆ ವಿಮಾನಗಳಿಗೆ ಆರ್ಡರ್ ಕೊಡುತ್ತವೆ. ಇವೆಲ್ಲ ಸುದ್ದಿಯಾಗುತ್ತವೆ. ಆ ವಿಮಾನಗಳನ್ನು ಮೇಲೆ ಬೇರ್ಪಡಿಸಿ ಇಡುವ ಮನುಷ್ಯರ ಸಂಖ್ಯೆ ಎಷ್ಟು ಬೆಳೆಯಿತು ಎಂಬುದು ಸುದ್ದಿಯಾಗುವುದಿಲ್ಲ.

ಆಕಾಶ ಎಷ್ಟು ವಿಶಾಲವಾಗಿದ್ದರೂ ಅದರ ಸಾಮರ್ಥ್ಯವನ್ನು ಅಳೆಯುವುದು ಕಂಟ್ರೋಲರ್ ತಲೆಯಲ್ಲಿ. ರೇಡಾರ್ ಇರುವ ಮಾರ್ಗಗಳಲ್ಲಿ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ ಅಕ್ಕಪಕ್ಕ 5 ನಾಟಿಕಲ್ ಮೈಲಿ (ಸುಮಾರು 9 ಕಿ.ಮೀ.) ಅಥವಾ ಮೇಲೆ ಕೆಳಗೆ 1000 ಅಡಿ ಅಂತರ ಇರಬೇಕು. ಒಂದು ಸೆಕ್ಟರ್‌ನಲ್ಲಿ ಎಷ್ಟು ವಿಮಾನಗಳನ್ನು ಹೀಗೆ ಬೇರ್ಪಡಿಸಿ ನೋಡಿಕೊಳ್ಳಬಹುದು ಎಂಬುದು ಆ ಕುರ್ಚಿಯಲ್ಲಿ ಕೂತವರ ಗಮನಕ್ಕೆ ಬಿಟ್ಟದ್ದು. ಸಂಚಾರ ಹೆಚ್ಚಿದರೆ ಸೆಕ್ಟರ್ ಅನ್ನು ಎರಡಾಗಿ ಒಡೆದು ಇನ್ನೊಬ್ಬರನ್ನು ಕೂರಿಸುತ್ತಾರೆ. ದಶಕಗಳಿಂದ ನಡೆದುಬಂದ ಪರಿಹಾರ ಇದು, ಆದರೆ ಇದಕ್ಕೊಂದು ಕೊನೆಯಿದೆ. ಪ್ರತಿ ಸಲ ಒಡೆದಾಗಲೂ ಹೊಸ ಗಡಿಯೊಂದು ಹುಟ್ಟುತ್ತದೆ. ವಿಮಾನ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬೇಕು, ಆವರ್ತನಾಂಕ ಬದಲಾಗಬೇಕು, ಯಾವ ಎತ್ತರದಲ್ಲಿ ಒಪ್ಪಿಸುವುದೆಂದು ಮಾತಾಗಬೇಕು. ಸೆಕ್ಟರ್ ತೀರಾ ಚಿಕ್ಕದಾದರೆ ಕಂಟ್ರೋಲರ್‌ನ ಹೊತ್ತೆಲ್ಲ ವಿಮಾನವನ್ನು ಪಡೆದುಕೊಳ್ಳುವುದರಲ್ಲಿ, ಒಪ್ಪಿಸುವುದರಲ್ಲಿ ಕಳೆಯುತ್ತದೆ. ಅದರ ದಾರಿ ನೋಡಲು ಪುರುಸೊತ್ತೇ ಉಳಿಯುವುದಿಲ್ಲ. ಆದ್ದರಿಂದ ಇನ್ನಷ್ಟು ಕುರ್ಚಿ ಹಾಕಿದರೆ ಸಾಕು ಎಂದು ನಾನು ಹೇಳುತ್ತಿಲ್ಲ. ಆದರೆ ಇರುವ ಕುರ್ಚಿಗಳನ್ನೇ ಖಾಲಿ ಬಿಟ್ಟು, ಎರಡು ಸೆಕ್ಟರ್ ಸೇರಿಸಿ ಒಬ್ಬರಿಗೇ ಹೊರಿಸುವ ಪದ್ಧತಿಯನ್ನು ದಕ್ಷತೆ ಎಂದು ಕರೆಯಬೇಡಿ. ಊಬರ್‌ಲಿಂಗನ್ ರಾತ್ರಿ ಜ್ಯೂರಿಕ್‌ನಲ್ಲಿ ಎರಡು ಪರದೆಗಳನ್ನು ನೋಡುತ್ತಿದ್ದದ್ದು ಒಬ್ಬರೇ. ಜೊತೆಗಿದ್ದವರು ವಿಶ್ರಾಂತಿಗೆ ಹೋಗಿದ್ದರು, ಅದು ಆ ಕೇಂದ್ರದ ಆಡಳಿತಕ್ಕೆ ಗೊತ್ತಿದ್ದು ನಡೆದುಬಂದ ರೂಢಿಯಾಗಿತ್ತು.

ದಾರಿ ಇಲ್ಲವೆಂದೇನಲ್ಲ. ಎತ್ತರದ ಅಂತರ ಇಳಿಸಿದ ಕಥೆಯನ್ನೇ ನೋಡಿ. ಹಿಂದೆ 29,000 ಅಡಿಗಿಂತ ಮೇಲೆ ವಿಮಾನಗಳ ನಡುವೆ 2000 ಅಡಿ ಬಿಡಬೇಕಿತ್ತು. ಗಾಳಿ ತೆಳುವಾದಂತೆ ಹಳೆಯ ಎತ್ತರಮಾಪಕಗಳ ಲೆಕ್ಕ ನಂಬುವಂತಿರಲಿಲ್ಲ. ಉಪಕರಣ ನಿಖರವಾದ ಮೇಲೆ 29,000ದಿಂದ 41,000 ಅಡಿವರೆಗೆ ಅಂತರವನ್ನು 1000 ಅಡಿಗೆ ಇಳಿಸಿದರು. ಉತ್ತರ ಅಟ್ಲಾಂಟಿಕ್‌ನಲ್ಲಿ 1997ರಲ್ಲಿ ಶುರುವಾಗಿ 2002ರ ಜನವರಿಯಲ್ಲಿ ಯುರೋಪಿಗೆ, 2005ರ ಜನವರಿಯಲ್ಲಿ ಅಮೆರಿಕಕ್ಕೆ ಅದು ಬಂತು. ಇಂಧನ ಕಡಿಮೆ ಸುಡುವ ಎತ್ತರಗಳಲ್ಲೇ ಆರು ಹೊಸ ಮಟ್ಟಗಳು ಸಿಕ್ಕವು. ಇದಕ್ಕಾಗಿ ಪ್ರತಿ ವಿಮಾನದ ಉಪಕರಣಕ್ಕೆ ಮಂಜೂರಾತಿ ಬೇಕಾಯಿತು, ಹಾರುವಾಗ ಅದರ ನಿಜವಾದ ಎತ್ತರವನ್ನು ಹೊರಗಿನಿಂದ ಅಳೆಯುವ ವ್ಯವಸ್ಥೆ ಬೇಕಾಯಿತು. ಎಲ್ಲಕ್ಕಿಂತ ಮುಖ್ಯವಾಗಿ ನೆರೆಹೊರೆಯ ದೇಶಗಳು ಒಟ್ಟಿಗೆ ಹೆಜ್ಜೆ ಇಡಬೇಕಾಯಿತು. ಗಡಿಯ ಈಚೆ 1000 ಅಡಿ, ಆಚೆ 2000 ಅಡಿ ಎಂದಾದರೆ ದಾಟುವ ಪ್ರತಿ ವಿಮಾನವನ್ನೂ ಏರಿಸಬೇಕು ಇಲ್ಲವೇ ಇಳಿಸಬೇಕು. ಅಷ್ಟು ದೇಶಗಳನ್ನು ಒಂದೇ ದಿನಾಂಕಕ್ಕೆ ಒಪ್ಪಿಸಿದ್ದನ್ನು ನಾನು ವಿಮಾನಯಾನದ ದೊಡ್ಡ ಸಾಧನೆಗಳಲ್ಲಿ ಒಂದೆಂದು ತಿಳಿದಿದ್ದೇನೆ.

ಸಾಗರದ ಮೇಲೂ ಹೀಗೆಯೇ. ನೆಲದ ರೇಡಾರ್ ಮುಟ್ಟದ ಉತ್ತರ ಅಟ್ಲಾಂಟಿಕ್‌ನಲ್ಲಿ ವಿಮಾನಗಳು ಎಷ್ಟೋ ಹೊತ್ತಿಗೊಮ್ಮೆ ತಾವಿರುವ ಜಾಗ ತಿಳಿಸುತ್ತಿದ್ದ ಕಾಲದಲ್ಲಿ ಅಂತರ ದೊಡ್ಡದಿರಲೇಬೇಕಿತ್ತು. 2019ರಲ್ಲಿ, ತಾವಿರುವ ಜಾಗ ತಿಳಿಸಲು ವಿಮಾನಗಳು ತಾವಾಗಿ ಹೊರಸೂಸುವ ಎಡಿಎಸ್-ಬಿ ಎಂಬ ರೇಡಿಯೊ ಸಂಕೇತಗಳನ್ನು ಉಪಗ್ರಹಗಳಿಂದ ಹಿಡಿಯಲು ಶುರುಮಾಡಿದ ಮೇಲೆ ಸರಿಯಾದ ಉಪಕರಣವಿರುವ ವಿಮಾನಗಳ ಹಿಂದುಮುಂದಿನ ಅಂತರವನ್ನು 14 ನಾಟಿಕಲ್ ಮೈಲಿವರೆಗೆ ಇಳಿಸಲು ಸಾಧ್ಯವಾಯಿತು. ಸಾಗರದ ಎರಡು ಬದಿಯ ಕೇಂದ್ರಗಳು ಒಂದೇ ಚಿತ್ರ ನೋಡುವಂತಾದದ್ದು ಇದಕ್ಕೆ ಕಾರಣ.

ನೆಲದ ಮೇಲೆ ಅನೇಕ ಕಡೆ ಇಂಥ ಒಮ್ಮತ ಇಲ್ಲ. ಒಂದು ದೇಶಕ್ಕೆ ಒತ್ತಡ ಬಂದಾಗ ಅದು ನೆರೆಯ ದೇಶಕ್ಕೆ, 'ಈ ಮಾರ್ಗದಲ್ಲಿ ಹತ್ತು ನಿಮಿಷಕ್ಕೊಂದೇ ವಿಮಾನ ಕಳಿಸಿ' ಎನ್ನುತ್ತದೆ. ನೆರೆಯವರು ತಮ್ಮ ಹಿಂದಿನವರಿಗೆ ಅದನ್ನೇ ಹೇಳುತ್ತಾರೆ. ಕೊನೆಗೆ ಸಾವಿರ ಮೈಲಿ ದೂರದ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರು ಕಾರಣ ಗೊತ್ತಿಲ್ಲದೆ ಕಾಯುತ್ತಾರೆ, ಆಗಲೇ ಮೇಲೇರಿರುವ ವಿಮಾನಗಳು ಇಂಧನ ಸುಡುತ್ತ ಸುತ್ತು ಹೊಡೆಯುತ್ತವೆ. ಇಡೀ ಪ್ರದೇಶದ ಬೇಡಿಕೆಯನ್ನು ಒಂದೆಡೆ ಕೂತು ನೋಡಿ, ವಿಮಾನ ಹೊರಡುವ ಮೊದಲೇ ಅದಕ್ಕೆ ಸಮಯ ಕೊಟ್ಟರೆ ಕಾಯುವುದು ನೆಲದ ಮೇಲೆ, ಎಂಜಿನ್ ಆರಿಸಿ. ಯುರೋಪಿನ ವಿಮಾನಗಳ ಹರಿವನ್ನು ಬ್ರಸೆಲ್ಸ್‌ನಿಂದ ಹೀಗೆ ನೋಡಿಕೊಳ್ಳುತ್ತಾರೆ. ಬಂಗಾಳ ಕೊಲ್ಲಿ ದಾಟಿ ಯುರೋಪಿನ ಕಡೆಗೆ ರಾತ್ರಿ ಒಮ್ಮೆಲೇ ಹೊರಡುವ ವಿಮಾನಗಳು ಅಫ್ಘಾನಿಸ್ತಾನದ ಮೇಲಿನ ಕೆಲವೇ ಮಾರ್ಗಗಳಲ್ಲಿ ಮುಗಿಬೀಳುತ್ತಿದ್ದಾಗ, 2007ರಿಂದ ಬ್ಯಾಂಕಾಕ್‌ನಲ್ಲಿ ನಡೆದ ಬಾಬ್‌ಕ್ಯಾಟ್ ವ್ಯವಸ್ಥೆ ಪ್ರತಿ ವಿಮಾನಕ್ಕೂ ಮುಂಚಿತವಾಗಿ ಸಮಯ ಮತ್ತು ಎತ್ತರ ಹಂಚಿತು. ದೊಡ್ಡ ಒಪ್ಪಂದಗಳಿಗೆ ಕಾಯದೆ ಒಂದು ಇಕ್ಕಟ್ಟಿನ ದಾರಿಗಾಗಿ ಹಲವು ದೇಶಗಳು ಕೂಡಿ ಇಷ್ಟು ಮಾಡಬಹುದಾದರೆ ಉಳಿದವರಿಗೆ ಏನು ಅಡ್ಡಿ?

ಸಾರ್ವಭೌಮತ್ವ ಅಡ್ಡಿ ಎನ್ನುತ್ತೀರಿ. 1944ರ ಷಿಕಾಗೊ ಒಪ್ಪಂದದ ಮೊದಲನೇ ವಿಧಿಯೇ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ಣ ಹಕ್ಕು ಕೊಟ್ಟಿದೆ. ಅದನ್ನು ನಾನು ಪ್ರಶ್ನಿಸುತ್ತಿಲ್ಲ. ಅದೇ ಒಪ್ಪಂದದ ಹನ್ನೊಂದನೇ ಅನುಬಂಧವನ್ನೂ ದಯವಿಟ್ಟು ತೆರೆದು ನೋಡಿ: ಒಂದು ದೇಶ ತನ್ನ ಆಕಾಶದ ಸಂಚಾರ ಸೇವೆಯನ್ನು ಇನ್ನೊಂದು ದೇಶಕ್ಕೆ ವಹಿಸಿಕೊಟ್ಟರೆ ಸಾರ್ವಭೌಮತ್ವಕ್ಕೆ ಕುಂದಿಲ್ಲ ಎಂದು ಅಲ್ಲಿದೆ. ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಮತ್ತು ಜರ್ಮನಿಯ ವಾಯವ್ಯ ಭಾಗದ ಮೇಲೆ 24,500 ಅಡಿಗಿಂತ ಎತ್ತರದ ಆಕಾಶವನ್ನು ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿರುವ ಒಂದೇ ಕೇಂದ್ರ ನಡೆಸುತ್ತದೆ. ಆ ನಾಲ್ಕು ದೇಶಗಳಲ್ಲಿ ಯಾವುದರ ಧ್ವಜವೂ ಅದರಿಂದ ಕೆಳಗಿಳಿದಿಲ್ಲ. ವಿಮಾನದ ದಾರಿಗೆ ತಕ್ಕಂತೆ ಸೆಕ್ಟರ್ ಹಾಕಿಕೊಳ್ಳುವುದು, ಸೆಕ್ಟರ್‌ನ ಗೆರೆಗೆ ತಕ್ಕಂತೆ ದಾರಿಯನ್ನು ಬಗ್ಗಿಸದಿರುವುದು, ಇಷ್ಟೇ ಅಲ್ಲಿ ನಡೆದಿರುವುದು.

ವಹಿಸಿಕೊಡುವುದನ್ನು ಮಾತ್ರ ಕಾಗದದ ಮೇಲೆ ಸರಿಯಾಗಿ ಮಾಡಬೇಕು. ಊಬರ್‌ಲಿಂಗನ್ ಮೇಲಿನ ಆಕಾಶವನ್ನು ಸ್ವಿಟ್ಜರ್ಲೆಂಡಿಗೆ ಒಪ್ಪಿಸಿದ್ದಕ್ಕೆ ಸಿಂಧುವಾದ ಒಪ್ಪಂದವೇ ಇರಲಿಲ್ಲ ಎಂದು 2006ರಲ್ಲಿ ಜರ್ಮನಿಯ ಕಾನ್‌ಸ್ಟಾನ್ಸ್‌ನ ನ್ಯಾಯಾಲಯ ತೀರ್ಪು ಕೊಟ್ಟು, ಹೊಣೆಯನ್ನು ಜರ್ಮನಿಯ ಮೇಲೆ ಹಾಕಿತು. ವರ್ಷಗಟ್ಟಲೆ ದಿನನಿತ್ಯ ವಿಮಾನಗಳು ಹಾರುತ್ತಿದ್ದ ಆಕಾಶದ ಹೊಣೆ ಯಾರದೆಂದು ಮಕ್ಕಳು ಸತ್ತ ಮೇಲೆ ನ್ಯಾಯಾಲಯದಲ್ಲಿ ಕೂತು ತೀರ್ಮಾನಿಸಬೇಕಾಯಿತು.

ಇನ್ನೊಂದು ಗಡಿಯಿದೆ, ನಕ್ಷೆಯಲ್ಲಿ ಕಾಣದ್ದು. ಪಾಠಗಳು ದಾಟಲಾರದ ಗಡಿ. 2001ರ ಜನವರಿ 31ರಂದು ಜಪಾನಿನ ಯೈಝು ಬಳಿ ಎರಡು ಜೆಟ್‌ಗಳು ಕೂದಲೆಳೆಯಲ್ಲಿ ಡಿಕ್ಕಿ ತಪ್ಪಿಸಿಕೊಂಡವು. ಎರಡರಲ್ಲೂ ಸೇರಿ 677 ಮಂದಿ. ತರಬೇತಿಯಲ್ಲಿದ್ದ ಕಂಟ್ರೋಲರ್ ವಿಮಾನಗಳ ಸಂಖ್ಯೆ ಅದಲುಬದಲು ಮಾಡಿ ಒಂದಕ್ಕೆ ಇಳಿಯಲು ಹೇಳಿದರು. ಅದೇ ಗಳಿಗೆಯಲ್ಲಿ ಆ ವಿಮಾನದೊಳಗಿನ ಡಿಕ್ಕಿ ತಪ್ಪಿಸುವ ಯಂತ್ರ, ಟಿಕ್ಯಾಸ್, ಏರಲು ಹೇಳಿತು. ಪೈಲಟ್ ಮನುಷ್ಯನ ಮಾತು ಕೇಳಿ ಇಳಿದರು. ಎದುರಿನ ವಿಮಾನ ಯಂತ್ರದ ಮಾತು ಕೇಳಿ ತಾನೂ ಇಳಿಯಿತು. ಕೊನೆಯ ಕ್ಷಣದಲ್ಲಿ ಮೊದಲ ವಿಮಾನದ ಪೈಲಟ್ ಅದನ್ನು ಇನ್ನೂ ಚುರುಕಾಗಿ ಕೆಳಗಿಳಿಸಿದ್ದರಿಂದ ಜನ ಉಳಿದರು, ಹಲವರು ಗಾಯಗೊಂಡರು. ಕಂಟ್ರೋಲರ್ ಮತ್ತು ಯಂತ್ರ ಬೇರೆ ಬೇರೆ ಹೇಳಿದರೆ ಯಾರ ಮಾತು ಕೇಳಬೇಕು ಎಂಬ ಪ್ರಶ್ನೆ ಅಂದೇ ಜಗತ್ತಿನ ಮುಂದಿತ್ತು. 17 ತಿಂಗಳ ಬಳಿಕ ಊಬರ್‌ಲಿಂಗನ್‌ನಲ್ಲಿ ಅದೇ ಪ್ರಶ್ನೆ ಎದ್ದಿತು. ಪ್ರಯಾಣಿಕ ವಿಮಾನಕ್ಕೆ ಯಂತ್ರ ಏರಲು ಹೇಳಿತು, ಕಂಟ್ರೋಲರ್ ಇಳಿಯಲು ಹೇಳಿದರು. ಅದು ಇಳಿಯಿತು, ಸರಕು ವಿಮಾನವೂ ಯಂತ್ರದ ಮಾತಿನಂತೆ ಇಳಿಯಿತು. ಯಂತ್ರದ ಆದೇಶವೇ ಮೇಲು ಎಂದು ಅಂತಾರಾಷ್ಟ್ರೀಯ ನಿಯಮದಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಬರೆದದ್ದು ಆಮೇಲೆ.

ಯೈಝು ಪ್ರಕರಣದಲ್ಲಿ ಒಂದು ಸಾವೂ ಆಗದಿದ್ದರೂ ಇಬ್ಬರು ಕಂಟ್ರೋಲರ್‌ಗಳ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆದು 2010ರಲ್ಲಿ ಜಪಾನಿನ ಸುಪ್ರೀಂ ಕೋರ್ಟ್ ಅವರ ಶಿಕ್ಷೆಯನ್ನು ಎತ್ತಿಹಿಡಿಯಿತು. ಬೇಕೆಂದೇ ನಿಯಮ ಮುರಿದವರನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಬಾಯಿತಪ್ಪಿ ಆಡಿದ ಒಂದು ಸಂಖ್ಯೆಗೆ ಜೈಲಿನ ಭಯವಿದ್ದರೆ, ನಾಳೆ ಯಾವ ಕಂಟ್ರೋಲರ್ ತನ್ನ ಸಣ್ಣ ಎಡವಟ್ಟನ್ನು ತಾನಾಗಿ ಬರೆದು ಕೊಡುತ್ತಾರೆ? ಬರೆದು ಕೊಡದಿದ್ದರೆ ಪಕ್ಕದ ಕೇಂದ್ರದವರು ಅದರಿಂದ ಕಲಿಯುವುದು ಹೇಗೆ?

ಬರೆದದ್ದನ್ನು ಓದುವವರೂ ಬೇಕು. 2025ರ ಜನವರಿ 29ರಂದು ವಾಷಿಂಗ್ಟನ್‌ನ ಪೊಟೊಮ್ಯಾಕ್ ನದಿಯ ಮೇಲೆ ಸೇನೆಯ ಹೆಲಿಕಾಪ್ಟರ್ ಒಂದು ಇಳಿಯುತ್ತಿದ್ದ ಪ್ರಯಾಣಿಕ ಜೆಟ್‌ಗೆ ಡಿಕ್ಕಿ ಹೊಡೆದು 67 ಮಂದಿ ಸತ್ತರು. ಅಲ್ಲಿ ಹೆಲಿಕಾಪ್ಟರ್ ಮಾರ್ಗಕ್ಕೂ ಒಂದು ರನ್‌ವೇಗೆ ಇಳಿಯುವ ದಾರಿಗೂ ನಡುವೆ ಕೆಲವೊಮ್ಮೆ ಉಳಿಯುತ್ತಿದ್ದದ್ದು 75 ಅಡಿ ಅಷ್ಟೇ. ಹೆಲಿಕಾಪ್ಟರ್‌ಗಳನ್ನೂ ವಿಮಾನಗಳನ್ನೂ ಆ ಹೊತ್ತಿಗೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ತನಿಖೆ ಶುರುವಾದ ಮೇಲೆ ಹಳೆಯ ದಾಖಲೆ ತೆಗೆದು ನೋಡಿದರೆ, 2021ರ ಅಕ್ಟೋಬರ್‌ನಿಂದ 2024ರ ಡಿಸೆಂಬರ್‌ವರೆಗೆ ಹೆಲಿಕಾಪ್ಟರ್ ಮತ್ತು ವಿಮಾನಗಳು ಒಂದು ನಾಟಿಕಲ್ ಮೈಲಿಗಿಂತ ಹತ್ತಿರ, 400 ಅಡಿಗಿಂತ ಕಡಿಮೆ ಎತ್ತರದ ಅಂತರದಲ್ಲಿ ಬಂದ 15,214 ಘಟನೆಗಳು ಅಲ್ಲಿದ್ದವು. ಅದರಲ್ಲಿ 85 ತೀರಾ ಹತ್ತಿರದವು. ಮಾಹಿತಿ ಎಲ್ಲಿಯೂ ಅಡಗಿರಲಿಲ್ಲ. ಅದನ್ನು ಕೂಡಿಸಿ ನೋಡುವುದು ಯಾರ ಕೆಲಸವೂ ಆಗಿರಲಿಲ್ಲ.

ಯಂತ್ರಗಳ ಬಗ್ಗೆ ಒಂದೆರಡು ಮಾತು. 2023ರ ಆಗಸ್ಟ್ 28ರಂದು ಬ್ರಿಟನ್ನಿನ ನಿಯಂತ್ರಣ ವ್ಯವಸ್ಥೆಗೆ ಒಂದು ವಿಮಾನದ ಫ್ಲೈಟ್ ಪ್ಲಾನ್, ಅಂದರೆ ಅದು ಹಾರಲಿರುವ ದಾರಿಯ ವಿವರ, ಬಂತು. ಅದರಲ್ಲಿ ಒಂದೇ ಸಂಕೇತದ, ಸಾವಿರಾರು ಮೈಲಿ ದೂರದ ಎರಡು ಬಿಂದುಗಳಿದ್ದವು. ಗೊಂದಲಕ್ಕೊಳಗಾದ ಕಂಪ್ಯೂಟರ್ ಸುರಕ್ಷತೆಗಾಗಿ ತಾನೇ ನಿಂತುಹೋಯಿತು. ಬದಲಿ ಕಂಪ್ಯೂಟರ್ ಅದೇ ಪ್ಲಾನನ್ನು ಅದೇ ತರ್ಕದಿಂದ ಓದಿ ಅದೇ ರೀತಿ ನಿಂತಿತು. 7 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರಿಗೆ ತೊಂದರೆಯಾಯಿತು. ಆಕಾಶದಲ್ಲಿ ಯಾರಿಗೂ ಅಪಾಯವಾಗಲಿಲ್ಲ, ಅದು ಅಲ್ಲಿನ ಕಂಟ್ರೋಲರ್‌ಗಳ ಹೆಚ್ಚುಗಾರಿಕೆ. ಆದರೆ ಮೊದಲನೆಯದರಂತೆಯೇ ಕೆಡುವ ಎರಡನೆಯದನ್ನು ಬದಲಿ ಎಂದು ಲೆಕ್ಕಕ್ಕೆ ಹಿಡಿಯಬಾರದು. ಉಪಗ್ರಹ ಸಂಕೇತದ ವಿಷಯದಲ್ಲೂ ನನಗೆ ಇದೇ ಆತಂಕ. ಯುದ್ಧ ನಡೆಯುವ ಪ್ರದೇಶಗಳ ಸುತ್ತ ಜಿಪಿಎಸ್ ಸಂಕೇತವನ್ನು ಅಡಗಿಸುವುದು, ಸುಳ್ಳು ಸಂಕೇತ ಬಿಡುವುದು ಈಗ ಮಾಮೂಲಾಗಿದೆ. ವಿಮಾನ ದಾರಿ ಹುಡುಕುವುದೂ ಅದರಿಂದಲೇ, ತಾನಿರುವ ಜಾಗವನ್ನು ಎಡಿಎಸ್-ಬಿ ಮೂಲಕ ನಿಮಗೆ ಹೇಳುವುದೂ ಅದರಿಂದಲೇ. ಖರ್ಚು ಉಳಿಸಲು ನೆಲದ ರೇಡಾರ್‌ಗಳನ್ನು, ರೇಡಿಯೊ ದಾರಿದೀಪಗಳನ್ನು ಒಂದೊಂದಾಗಿ ಮುಚ್ಚುವ ಮುನ್ನ ಇದನ್ನು ನೆನಪಿಟ್ಟುಕೊಳ್ಳಿ.

ಯುದ್ಧದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 2014ರ ಜುಲೈ 17ರಂದು ಪೂರ್ವ ಯುಕ್ರೇನ್ ಮೇಲೆ ಮಲೇಷ್ಯಾದ ಎಂಎಚ್17 ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿದಾಗ 298 ಮಂದಿ ಸತ್ತರು. ಅಲ್ಲಿ 32,000 ಅಡಿವರೆಗಿನ ಆಕಾಶವನ್ನು ಮುಚ್ಚಲಾಗಿತ್ತು. ಆ ವಿಮಾನ 33,000 ಅಡಿಯಲ್ಲಿತ್ತು. ಅದೇ ದಿನ ಆ ಪ್ರದೇಶದ ಮೇಲೆ 160 ನಾಗರಿಕ ವಿಮಾನಗಳು ಹಾರಿದ್ದವು. ತನ್ನ ಆಕಾಶ ಸುರಕ್ಷಿತವಲ್ಲ ಎಂದು ಒಪ್ಪಿಕೊಳ್ಳಲು ಯಾವ ದೇಶಕ್ಕೂ ಮನಸ್ಸಾಗುವುದಿಲ್ಲ. ಹಾಗಾಗಿ ಆ ತೀರ್ಮಾನವನ್ನು ಯುದ್ಧದಲ್ಲಿರುವ ದೇಶವೊಂದಕ್ಕೇ ಬಿಟ್ಟು ಉಳಿದವರು ಸುಮ್ಮನಿರುವುದು ಸರಿಯಲ್ಲ. ನಿಮ್ಮ ಗುಪ್ತಚರರಿಗೆ ತಿಳಿದ ಅಪಾಯವನ್ನು ನಿಮ್ಮ ವಿಮಾನಗಳಿಗೆ ಮಾತ್ರ ಹೇಳಿ ಬೇರೆಯವರ ವಿಮಾನಗಳನ್ನು ಅದೇ ದಾರಿಯಲ್ಲಿ ಹೋಗಲು ಬಿಡುವುದೂ ಸರಿಯಲ್ಲ.

ನಾನು ಕೇಳುವುದರಲ್ಲಿ ಹೊಸ ತಂತ್ರಜ್ಞಾನ ಯಾವುದೂ ಇಲ್ಲ. ಪ್ರತಿ ನಿಯಂತ್ರಣ ಕೇಂದ್ರಕ್ಕೆ ಮಂಜೂರಾದ ಕಂಟ್ರೋಲರ್‌ಗಳೆಷ್ಟು, ಪೂರ್ಣ ಅರ್ಹತೆ ಪಡೆದು ಕೆಲಸದಲ್ಲಿರುವವರೆಷ್ಟು ಎಂಬುದನ್ನು ವರ್ಷಕ್ಕೊಮ್ಮೆ ಪ್ರಕಟಿಸಿ. ಒಬ್ಬ ಕಂಟ್ರೋಲರ್ ತಯಾರಾಗಲು ವರ್ಷಗಳು ಬೇಕು. ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಹಾಕುವ ದಿನವೇ ಅವರ ನೇಮಕವೂ ಶುರುವಾಗಬೇಕು. ಜನ ಸಾಲದಿದ್ದರೆ ವಿಮಾನಗಳ ಸಂಖ್ಯೆ ಇಳಿಸಿ. ನಾವು ಪ್ರಯಾಣಿಕರು ತಡವನ್ನು ಸಹಿಸಿಕೊಳ್ಳುತ್ತೇವೆ, ಕಾರಣವನ್ನು ಮುಚ್ಚಿಡದೆ ಹೇಳಿದರೆ ಸಾಕು. ಎರಡು ಕಂಪನಿಗಳ ಸಲಕರಣೆಗಳು ಪರಸ್ಪರ ಮಾತಾಡುವುದಿಲ್ಲ ಎಂಬ ನೆಪಕ್ಕೆ ಗಡಿಯಲ್ಲಿ ಜಾಗ ಕೊಡಬೇಡಿ, ಖರೀದಿಯ ಕರಾರಿನಲ್ಲೇ ಅದನ್ನು ಷರತ್ತಾಗಿ ಹಾಕಿ. ಸೇನೆಗೆ ಮೀಸಲಾದ ಆಕಾಶ ಖಾಲಿಯಿದ್ದ ಗಂಟೆಗಳಲ್ಲಿ ನಾಗರಿಕ ವಿಮಾನಗಳಿಗೆ ತೆರೆಯಲಿ. ಹಾಗೆ ತೆರೆದ ಗಂಟೆಗಳ ಲೆಕ್ಕ ಸಾರ್ವಜನಿಕವಾಗಿರಲಿ. ಡಿಕ್ಕಿ ತಪ್ಪಿದ ಘಟನೆಗಳನ್ನು ಹೆಸರು ತೆಗೆದು ನೆರೆಯ ದೇಶಗಳೊಂದಿಗೆ ಹಂಚಿಕೊಳ್ಳಿ, ವರದಿ ಮಾಡಿದವರಿಗೆ ಕಾನೂನಿನ ರಕ್ಷಣೆ ಕೊಡಿ.

ಈ ಪತ್ರಕ್ಕೆ ನಿಮ್ಮಲ್ಲಿ ಪ್ರತಿಯೊಬ್ಬರಿಂದಲೂ ನಾನು ಬಯಸುವುದು ಮೂರು ಪ್ರಶ್ನೆಗಳಿಗೆ ಬಹಿರಂಗ ಉತ್ತರ. ನಿಮ್ಮ ಕೇಂದ್ರಕ್ಕೂ ಗಡಿಯಾಚೆಯ ಪ್ರತಿ ಕೇಂದ್ರಕ್ಕೂ ನಡುವಿನ ನೇರ ಫೋನ್ ಲೈನ್ ಮತ್ತು ಅದರ ಬದಲಿ ಲೈನ್ ಎರಡನ್ನೂ ಕೊನೆಯ ಬಾರಿ ಪರೀಕ್ಷಿಸಿದ್ದು ಯಾವ ದಿನ? ಎರಡೂ ಕೆಟ್ಟಾಗ, ಗಡಿಯಾಚೆಯ ಎರಡು ವಿಮಾನಗಳು ಡಿಕ್ಕಿಯತ್ತ ಹೋಗುತ್ತಿರುವುದು ನಿಮ್ಮ ಕಂಟ್ರೋಲರ್‌ಗೆ ಕಂಡರೆ ತುರ್ತು ರೇಡಿಯೊ ಆವರ್ತನಾಂಕದಲ್ಲಿ ನೇರವಾಗಿ ಆ ಪೈಲಟ್‌ಗಳನ್ನು ಎಚ್ಚರಿಸುವ ಅಧಿಕಾರವನ್ನು ಬರವಣಿಗೆಯಲ್ಲಿ ಕೊಟ್ಟಿದ್ದೀರಾ? ಕೊಟ್ಟಿದ್ದರೆ, ಗಡಿಯ ಎರಡೂ ಬದಿಯವರನ್ನು ಒಟ್ಟಿಗೆ ಕೂರಿಸಿ ಅದರ ತಾಲೀಮು ನಡೆಸಿದ್ದು ಯಾವಾಗ?

ದಿನಾಂಕಗಳನ್ನು ತಿಳಿಸಿ. ಇಲ್ಲದಿದ್ದರೆ ಇಲ್ಲ ಎಂದೇ ಬರೆಯಿರಿ, ಯಾವ ತಿಂಗಳೊಳಗೆ ಮಾಡುತ್ತೀರಿ ಎಂದು ಪಕ್ಕದಲ್ಲಿ ನಮೂದಿಸಿ.

ಇಂತಿ,
ನಿಮ್ಮ ಆಕಾಶಗಳನ್ನು ದಾಟಿ ಹೋಗುವ ಒಬ್ಬ ಪ್ರಯಾಣಿಕ